ಜಲಗಾಲನ ವ್ರತದ ಉಳಿದರ್ಧವೂ ನಂದಿಗುಡಿಯ ಹೊಳೆಯ ಜೀವರಾಶಿಯೂ

ಶ್ರಾವಕನ ಮನೆಯನ್ನು ಗುರುತಿಸಲು ನಮ್ಮ ಹಿರಿಯರು ಮೂರು ಚಿಹ್ನೆಗಳನ್ನು ಹೇಳುತ್ತಿದ್ದರು: ನಿತ್ಯ ದೇವದರ್ಶನ, ರಾತ್ರಿಭೋಜನ ತ್ಯಾಗ ಮತ್ತು ಗಾಳಿಸಿದ ನೀರಿನ ಸೇವನೆ. ಇವುಗಳಲ್ಲಿ ಮೂರನೆಯದು ಅತಿ ಸುಲಭವಾದುದೆಂದು ತೋರುತ್ತದೆ. ಎರಡು ಪದರದ ದಪ್ಪ ಬಟ್ಟೆಯೊಂದಿದ್ದರೆ ಸಾಕು, ವ್ರತ ನಡೆಯಿತೆಂದು ಭಾವಿಸುತ್ತೇವೆ. ಆದರೆ ನೀರನ್ನು ಗಾಳಿಸುವುದು ಈ ವ್ರತದ ಅರ್ಧಭಾಗ ಮಾತ್ರ. ಬಟ್ಟೆಯ ಕೆಳಗಿಳಿದ ನೀರು ನಮ್ಮದಾಯಿತು. ಬಟ್ಟೆಯ ಮೇಲುಳಿದ ಜೀವಗಳು ಯಾರವು? ಅವುಗಳ ಗತಿಯೇನು?

ಈ ಪ್ರಶ್ನೆಗೆ ಪಂಡಿತ ಆಶಾಧರರು 13ನೆಯ ಶತಮಾನದಲ್ಲಿಯೇ ಉತ್ತರ ಕೊಟ್ಟಿದ್ದಾರೆ. ಸಾಗಾರಧರ್ಮಾಮೃತದಲ್ಲಿ ಜಲಗಾಲನ ವ್ರತದ ದೋಷಗಳನ್ನು ಹೇಳುವಾಗ ಅವರು ಕಾಲ ಮೀರಿದ ನೀರನ್ನು ಬಳಸುವುದನ್ನೂ, ಹರಿದ ಅಥವಾ ತೆಳುವಾದ ಬಟ್ಟೆಯಲ್ಲಿ ಗಾಳಿಸುವುದನ್ನೂ ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಗಾಳಿಸಿ ಉಳಿದುದನ್ನು ಬೇರೊಂದು ಜಲಾಶಯಕ್ಕೆ ಸೇರಿಸುವುದೂ ದೋಷವೆಂದು ಸ್ಪಷ್ಟಪಡಿಸುತ್ತಾರೆ. ಬಾವಿಯದು ಬಾವಿಗೆ, ಹೊಳೆಯದು ಹೊಳೆಗೆ. ಒಂದು ಬಾವಿಯ ಜೀವವನ್ನು ಪಕ್ಕದ ಕೆರೆಗೆ ಬಿಟ್ಟರೆ ಅದು ದಯೆಯಾಗುವುದಿಲ್ಲ. ಸೂಕ್ಷ್ಮದರ್ಶಕ ಯಂತ್ರವಿಲ್ಲದ ಕಾಲದಲ್ಲಿ ಬರೆದ ಈ ಮಾತಿನ ಅರ್ಥ ಇಂದು ನಮಗೆ ಇನ್ನೂ ಚೆನ್ನಾಗಿ ತಿಳಿಯಬೇಕಾಗಿತ್ತು. ನೀರಿನ ತಾಪ, ಉಪ್ಪಿನಂಶ, ಅದರಲ್ಲಿ ಕರಗಿದ ಪ್ರಾಣವಾಯು ಇವು ಪ್ರತಿಯೊಂದು ಜಲಾಶಯದಲ್ಲಿಯೂ ಬೇರೆಬೇರೆ. ಅವುಗಳಿಗೆ ಹೊಂದಿಕೊಂಡ ಸಣ್ಣ ಶರೀರ ಹಠಾತ್ತನೆ ಬೇರೆ ನೀರಿಗೆ ಬಿದ್ದರೆ ಉಳಿಯುವುದು ಕಷ್ಟ.

ನನ್ನ ಬಾಲ್ಯದಲ್ಲಿ ನಮ್ಮ ಅಜ್ಜಿ ಬಾವಿಯ ಕೊಡಕ್ಕೆ ಎರಡು ಹಗ್ಗ ಕಟ್ಟುತ್ತಿದ್ದುದು ನೆನಪಿದೆ. ಒಂದು ಎಲ್ಲರೂ ಕಟ್ಟುವಂತೆ ಕಂಠಕ್ಕೆ. ಇನ್ನೊಂದು ಕೊಡದ ಬುಡದಲ್ಲಿ ಬೆಸೆದಿದ್ದ ಕೊಂಡಿಗೆ. ನೀರು ಗಾಳಿಸಿದ ಬಳಿಕ ಬಟ್ಟೆಯನ್ನು ಮಗುಚಿ ಗಾಳಿಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಆ ಜೀವಾಣಿಯನ್ನು ಕೊಡಕ್ಕೆ ಹಾಕಿ ಬಾವಿಗೆ ಇಳಿಬಿಡುವರು. ಕೊಡ ನೀರನ್ನು ಮುಟ್ಟಿದ ಮೇಲೆ ಬುಡದ ಹಗ್ಗವನ್ನು ಎಳೆದರೆ ಕೊಡ ತಲೆಕೆಳಗಾಗಿ ಒಳಗಿದ್ದುದು ನೀರಿನ ಮಟ್ಟದಲ್ಲಿಯೇ ನೀರಿಗೆ ಸೇರುವುದು. ಮೇಲಿನಿಂದ ಸುರಿದರೆ ಬಿದ್ದ ಪೆಟ್ಟಿಗೇ ಜೀವಗಳು ನಾಶವಾಗುವುವೆಂಬ ಎಚ್ಚರ ಅದು. ನಾವು ಹುಡುಗರು ಆ ಕೊಂಡಿಯನ್ನು ಕಂಡು ನಗುತ್ತಿದ್ದೆವು. ಅದರ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ, ನಂದಿಗುಡಿಯ ಹೊಳೆಯ ದಂಡೆಯಲ್ಲಿ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರ ಅನಂತ ವ್ರತ ಹದಿನಾಲ್ಕು ವರ್ಷ ತುಂಬಿ ಉದ್ಯಾಪನೆಯಾಯಿತು. ಪೂಜೆ, ದಾನಗಳು ಮುಗಿದ ಮೇಲೆ ಹದಿನಾಲ್ಕು ಜೀವಗಳಿಗೆ ಅಭಯದಾನ ಮಾಡಬೇಕೆಂದು ಅವರು ಬಯಸಿದರು. ಪೇಟೆಯಲ್ಲಿ ಜೀವಂತ ಮೀನು ಮಾರುವವರಿಂದ ಹದಿನಾಲ್ಕು ಮೀನುಗಳನ್ನು ಕೊಂಡವನು ನಾನೇ. ನೀರು ಕಡಿಮೆಯಿದ್ದರೂ ಸಾಯದ, ಕಪ್ಪಗೆ ನುಣುಪಾದ, ಮೀಸೆಯುಳ್ಳ ಮೀನುಗಳವು. ಗಟ್ಟಿ ಜೀವವೆಂದೇ ಆರಿಸಿದ್ದೆ. ಡಬ್ಬಿಯಲ್ಲಿ ಅವುಗಳನ್ನು ತುಂಬಿಕೊಂಡು, ಬಂಧುಗಳ ಮನೆಯಿದ್ದ ಕಾರಣ ನಂದಿಗುಡಿಗೆ ಹೋಗಿ, ಭಾದ್ರಪದದ ತುಂಬು ಹೊಳೆಯಲ್ಲಿ ಣಮೋಕಾರ ಹೇಳುತ್ತ ಒಂದೊಂದಾಗಿ ಬಿಟ್ಟೆವು. ಎರಡು ದಾರಿಯಲ್ಲಿಯೇ ಸತ್ತಿದ್ದವು. ಹನ್ನೆರಡು ಹೋದವು. ತಾಯಿಯವರ ಕಣ್ಣು ತುಂಬಿ ಬಂದಿತ್ತು.

ತೆಪ್ಪವನ್ನು ದಡಕ್ಕೆ ಎಳೆಯುತ್ತಿದ್ದ ಮೀನುಗಾರನೊಬ್ಬ ಇದನ್ನೆಲ್ಲ ನೋಡುತ್ತಿದ್ದವನು ಹತ್ತಿರ ಬಂದು ಹೇಳಿದ: "ಇದು ನಮ್ ಹೊಳೀ ಮೀನಲ್ರೀ ಅಮ್ಮಾರ. ಇದ್ದಬದ್ದ ಮರೀನೆಲ್ಲ ತಿಂದು ಹಾಕ್ತೈತಿ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ನಾವು ಬಿಟ್ಟದ್ದು ಆಫ್ರಿಕಾ ಮೂಲದ ಕ್ಯಾಟ್‌ಫಿಶ್. ನಮ್ಮ ದೇಶದಲ್ಲಿ ಅದರ ಸಾಕಣೆಗೆ ನಿಷೇಧವಿದ್ದರೂ ಕದ್ದುಮುಚ್ಚಿ ಸಾಕಿ ಮಾರುವುದು ನಿಂತಿಲ್ಲ. ಅದು ನೇರವಾಗಿ ಗಾಳಿಯನ್ನು ಉಸಿರಾಡಬಲ್ಲದು, ಕೊಳೆತ ನೀರಿನಲ್ಲಿಯೂ ಬದುಕಬಲ್ಲದು, ಬಾಯಿಗೆ ಹಿಡಿಯುವುದನ್ನೆಲ್ಲ ನುಂಗಬಲ್ಲದು. ನಾನು ಮೆಚ್ಚಿ ಆರಿಸಿದ ಗುಣವೇ ಹೊಳೆಗೆ ಕೇಡಾಗಿತ್ತು. ಮನೆಗೆ ಬಂದ ಮೇಲೆ ತಾಯಿಯವರು ಕೇಳಿದ್ದು ಒಂದೇ ಪ್ರಶ್ನೆ: "ಹನ್ನೆರಡನ್ನು ಉಳಿಸಲು ಹೋಗಿ ಎಷ್ಟನ್ನು ಕೊಂದೆವು?" ಮುಂದಿನ ಅಷ್ಟಮಿಯಂದು ಅವರು ಮಾಡಿದ ಉಪವಾಸ ಪುಣ್ಯಕ್ಕಾಗಿ ಆಗಿರಲಿಲ್ಲ.

ಇಲ್ಲಿ ಸಿದ್ಧಾಂತದ ಒಂದು ತೊಡಕಿದೆ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ಅಕ್ಕಿಕಾಳಿನಷ್ಟು ಗಾತ್ರದ ತಂದುಲ ಮತ್ಸ್ಯದ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿಯೂ ಅದರ ಉಲ್ಲೇಖವಿದೆ. ದೊಡ್ಡ ಮೀನಿನ ತೆರೆದ ಬಾಯಿಯಿಂದ ಒಳಹೋಗಿ ಹೊರಬರುವ ಜೀವಗಳನ್ನು ಕಂಡು 'ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ' ಎಂದು ಬಗೆದಷ್ಟಕ್ಕೇ ಅದು ಮಹಾನರಕಕ್ಕೆ ಹೋಯಿತು. ಅದು ಏನನ್ನೂ ಕೊಲ್ಲಲಿಲ್ಲ, ಭಾವ ಕೆಟ್ಟಿತ್ತು. ನಮ್ಮ ಸಂಗತಿ ಇದಕ್ಕೆ ತೀರ ವಿರುದ್ಧವಾದುದು. ಭಾವ ನಿರ್ಮಲವಾಗಿತ್ತು, ಕ್ರಿಯೆ ಕೆಟ್ಟಿತು. ಹಾಗಾದರೆ ದೋಷವಿಲ್ಲವೆನ್ನಬಹುದೆ? ಹಾಗೆನ್ನಲು ನನಗೆ ಧೈರ್ಯವಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದದೊಡನೆ ಸೇರಿಸಿ ಹೇಳಿದೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವೂ ರಾಗಾದಿಗಳಿಲ್ಲದೆ ಎಚ್ಚರದಿಂದ ನಡೆಯುವವನಿಗೆ ಮಾತ್ರ ಪ್ರಾಣಘಾತದ ದೋಷದಿಂದ ಬಿಡುಗಡೆ ಕೊಡುತ್ತದೆ. ನಾನು ಎಚ್ಚರದಿಂದ ನಡೆದೆನೆ? ಯಾವ ಮೀನು, ಎಲ್ಲಿಯದು, ಎಲ್ಲಿಗೆ ಎಂದು ಯಾರನ್ನಾದರೂ ಕೇಳಿದೆನೆ? ಅಹಿಂಸಾವ್ರತದ ಐದು ಭಾವನೆಗಳಲ್ಲಿ ಆದಾನನಿಕ್ಷೇಪಣ ಸಮಿತಿಯೂ ಒಂದು. ವಸ್ತುವನ್ನು ನೋಡಿ ಎತ್ತಿಕೊಳ್ಳಬೇಕು, ನೋಡಿ ಇಡಬೇಕು. ಪುಸ್ತಕ, ಪಾತ್ರೆಗಳ ವಿಷಯದಲ್ಲಿ ಪಾಲಿಸುವ ಈ ಎಚ್ಚರವನ್ನು ಜೀವವನ್ನು ಇಡುವಾಗ ನಾನು ಮರೆತೆ. ನನ್ನ ಮಟ್ಟಿಗೆ ಅದು ಪ್ರಮಾದವೇ.

ಆ ಬಳಿಕ ನಾನು ಹಲವು ಬಾರಿ ನಂದಿಗುಡಿಗೆ ಹೋದೆ. ಅದೇ ಮೀನುಗಾರನಿಂದಲೂ, ಪ್ರಾಣಿಶಾಸ್ತ್ರ ಬಲ್ಲವರಿಂದಲೂ ಕೇಳಿ ತಿಳಿದುಕೊಂಡದ್ದನ್ನು ವ್ರತಿಕರ ಉಪಯೋಗಕ್ಕಾಗಿ ಮುಂದೆ ಬರೆದಿದ್ದೇನೆ.

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ಹೊನ್ನಾಳಿಯನ್ನು ದಾಟಿ ಬಡಗಣಕ್ಕೆ ಹರಿದು ಬರುವ ತುಂಗಭದ್ರೆ ಹರಿಹರವನ್ನು ಮುಟ್ಟುವ ಮೊದಲು ನಂದಿಗುಡಿ, ಉಕ್ಕಡಗಾತ್ರಿಗಳ ದಂಡೆಯನ್ನು ಸೋಕಿ ಹೋಗುತ್ತಾಳೆ. ಮಳೆಗಾಲದಲ್ಲಿ ನೋಡಿದವರಿಗೆ ಅದು ಒಂದೇ ಕೆಂಪು ಪ್ರವಾಹ. ಬೇಸಿಗೆಯಲ್ಲಿ ನೋಡಬೇಕು. ಆಗ ಹೊಳೆ ಒಂದಲ್ಲ, ಹತ್ತಾರು ಮನೆಗಳು: ಆಳವಾದ ಮಡು, ಕಲ್ಲುಗಳ ನಡುವೆ ಸದ್ದು ಮಾಡುತ್ತ ಓಡುವ ತೆಳು ನೀರು, ಬಿಸಿಲಿಗೆ ಹೊಳೆಯುವ ಮರಳದಿಣ್ಣೆ, ಜೊಂಡು ಬೆಳೆದ ಕೆಸರು, ಬೇರುಗಳು ಚಾಚಿಕೊಂಡ ಮಣ್ಣಿನ ದಡ. ಒಂದೊಂದರಲ್ಲಿ ಒಂದೊಂದು ಕುಲ. ಮಡುವಿನ ಜೀವ ಮರಳಿನಲ್ಲಿ ಬಾಳದು.

ನಮ್ಮ ಆಚಾರ್ಯರು ತ್ರಸಜೀವಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸಿದ್ದಾರೆ. ಆ ಕ್ರಮದಲ್ಲಿಯೇ ಹೊಳೆಯನ್ನು ನೋಡುವುದು ನಮಗೆ ಸುಲಭ. ಸ್ಪರ್ಶನ, ರಸನ ಎಂಬ ಎರಡು ಇಂದ್ರಿಯಗಳ ಜೀವಗಳಲ್ಲಿ ಶಂಖು, ಬಸವನಹುಳು, ಜಿಗಣೆ, ಕಪ್ಪೆಚಿಪ್ಪಿನ ಹುಳು ಸೇರುತ್ತವೆ. ಸಿಹಿನೀರಿನ ಕಪ್ಪೆಚಿಪ್ಪು ಮರಳಿನಲ್ಲಿ ಅರ್ಧ ಹೂತುಕೊಂಡು ಹಗಲಿರುಳು ನೀರನ್ನು ಒಳಗೆಳೆದು ಹೊರಬಿಡುತ್ತದೆ. ನೀರಿನಲ್ಲಿ ತೇಲುವ ಕಣಗಳು ಅದರ ಆಹಾರ. ಹೊಳೆಯ ನೀರನ್ನು ನಮಗಿಂತ ಮೊದಲೇ ಗಾಳಿಸುವವರಿದ್ದಾರೆಂದು ನಾನು ಬೆರಗಾದೆ. ಇನ್ನೊಂದು ಸಂಗತಿ ಇದಕ್ಕಿಂತಲೂ ಆಶ್ಚರ್ಯಕರ. ಈ ಚಿಪ್ಪಿನ ಮರಿಗಳು ಹುಟ್ಟಿದೊಡನೆ ಸ್ವತಂತ್ರವಾಗಿ ಬದುಕಲಾರವು. ಮೀನಿನ ಕಿವಿರಿಗೋ ಈಜುರೆಕ್ಕೆಗೋ ಅಂಟಿಕೊಂಡು ಕೆಲವು ದಿನ ಕಳೆದು, ಬಳಿಕ ಉದುರಿ ಮರಳಿನಲ್ಲಿ ನೆಲೆಗೊಳ್ಳುತ್ತವೆ. ಮೀನಿಲ್ಲದಿದ್ದರೆ ಚಿಪ್ಪಿನ ಸಂತತಿಯಿಲ್ಲ. ಜೀವಗಳ ಪರಸ್ಪರ ಉಪಕಾರವನ್ನು ಹೇಳುವ ಉಮಾಸ್ವಾಮಿಗಳ ಸೂತ್ರಕ್ಕೆ ನಾವು ಪ್ರವಚನಗಳಲ್ಲಿ ಗುರು ಶಿಷ್ಯರ, ಒಡೆಯ ಸೇವಕರ ಉದಾಹರಣೆ ಕೊಡುತ್ತ ಬಂದಿದ್ದೇವೆ. ಹೊಳೆಯ ತಳದಿಂದಲೂ ಒಂದನ್ನು ಕೊಡಬಹುದು.

ಮೂರು ಇಂದ್ರಿಯಗಳ ಇರುವೆ, ಗೆದ್ದಲುಗಳು ದಂಡೆಯ ಮೇಲಿನವು. ನಾಲ್ಕು ಇಂದ್ರಿಯಗಳವುಗಳಲ್ಲಿ ಏರೋಪ್ಲೇನ್ ಚಿಟ್ಟೆಯನ್ನು ಹೇಳಬೇಕು. ಗಾಳಿಯಲ್ಲಿ ಹಾರಾಡುವ ಈ ಜೀವ ತನ್ನ ಬಾಲ್ಯವನ್ನೆಲ್ಲ ನೀರಿನ ತಳದಲ್ಲಿ ರೆಕ್ಕೆಯಿಲ್ಲದ ಹುಳುವಾಗಿ ಕಳೆಯುತ್ತದೆ. ನಮ್ಮ ಬಟ್ಟೆಯಲ್ಲಿ ಸಿಕ್ಕ 'ಕಸ'ದಲ್ಲಿ ನಾಳೆ ಹಾರಬೇಕಾದುದೂ ಇರಬಹುದು.

ಪಂಚೇಂದ್ರಿಯ ಜಲಚರಗಳಲ್ಲಿ ಮೊದಲಿಗೆ ಮೀನುಗಳು. ಮೀನಿಗೆ ಮಮತೆಯಿಲ್ಲವೆಂದು ನಾವು ಎಣಿಸಿದ್ದರೆ ಕೊರವ ಮೀನನ್ನು ನೋಡಬೇಕು. ಜೊಂಡಿನ ನಡುವೆ ಗೂಡಿನಂತೆ ಜಾಗ ಮಾಡಿಕೊಂಡು ಮೊಟ್ಟೆಯಿಡುತ್ತದೆ. ಮರಿಗಳು ಕೆಂಪುಬಣ್ಣದ ಚೆಂಡಿನಂತೆ ಗುಂಪಾಗಿ ಮೇಲ್ಮೈಗೆ ಬಂದು ಉಸಿರೆಳೆಯುವಾಗ ತಂದೆತಾಯಿಗಳು ಕೆಳಗಿನಿಂದ ಕಾಯುತ್ತಿರುತ್ತವೆ. ಹತ್ತಿರ ಹೋದ ಕೈಗೆ ಹಾಯುವುದೂ ಉಂಟು. ನಾವು ಬಿಟ್ಟ ಕ್ಯಾಟ್‌ಫಿಶ್ ತಿನ್ನುವುದು ಇಂಥ ಮರಿಗಳನ್ನೇ. ಬಹುಪಾಲು ಹೊಳೆಯ ಮೀನುಗಳು ಮೊಟ್ಟೆಯಿಡುವುದು ಮುಂಗಾರಿನ ಹೊಸನೀರು ಬಂದಾಗ. ನೀರಿನ ವಾಸನೆ, ತಂಪು ಬದಲಾದುದನ್ನು ಅರಿತು ಪ್ರವಾಹದ ಎದುರಿಗೆ ಏರಿ, ಹಳ್ಳಗಳಿಗೂ ಗದ್ದೆಯ ಕಾಲುವೆಗಳಿಗೂ ನುಗ್ಗುತ್ತವೆ. ಮುನಿಗಳು ಆಷಾಢದಲ್ಲಿ ವರ್ಷಾಯೋಗವನ್ನು ಸ್ವೀಕರಿಸಿ ಒಂದೆಡೆ ನಿಲ್ಲುವ ಕಾಲವೂ ಇದೇ. ನೆಲದ ಮೇಲಿನ ಜೀವೋತ್ಪತ್ತಿಯನ್ನು ನೋಡಿ ಏರ್ಪಟ್ಟ ಚಾತುರ್ಮಾಸ ನೀರಿನೊಳಗಿನ ಜೀವೋತ್ಪತ್ತಿಯ ಕಾಲವೂ ಆಗಿರುವುದನ್ನು ಗಮನಿಸಬೇಕು.

ಏಡಿ ತನ್ನ ಮರಿಗಳನ್ನು ಹೊಟ್ಟೆಯ ಮಡಿಕೆಯಲ್ಲಿ ಹೊತ್ತು ತಿರುಗುತ್ತದೆ. ನೀರು ಬತ್ತಿದಾಗ ಮೆದುಚಿಪ್ಪಿನ ಆಮೆ ಕೆಸರಿನೊಳಗೆ ಹುದುಗಿ ಮಳೆ ಬರುವವರೆಗೆ ಅನ್ನಪಾನವಿಲ್ಲದೆ ಕಾಯುತ್ತದೆ. ಮುನಿಸುವ್ರತ ತೀರ್ಥಂಕರರ ಲಾಂಛನವಾದ ಆಮೆಯನ್ನೂ ಅರನಾಥರ ಲಾಂಛನವಾದ ಮೀನನ್ನೂ ಬಸದಿಯ ಪೀಠದಲ್ಲಿ ಕಂಡು ಕೈಮುಗಿಯುವವರು ಹೊಳೆಯ ಕೆಸರಿನಲ್ಲಿಯೂ ಅವುಗಳನ್ನು ಗುರುತಿಸಬಲ್ಲವರಾಗಿರಬೇಕು. ಬೇಸಿಗೆಯ ಬರಿ ಮರಳಿನ ಮೇಲೆ ಹೊಳೆರೀವ ಹಕ್ಕಿ ಗೂಡು ಕಟ್ಟದೆಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣ ಮರಳಿನದೇ. ಕಾಲಿಟ್ಟ ಮೇಲೆ ಮಾತ್ರ ತಿಳಿಯುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದದ್ದು ನೀರುನಾಯಿ. ತುಂಗಭದ್ರೆಯಲ್ಲಿರುವ ಇದರ ಮೈಗೂದಲು ನುಣುಪು, ಬೆರಳುಗಳ ನಡುವೆ ಚರ್ಮದ ಪೊರೆ. ಗಂಡು, ಹೆಣ್ಣು, ಮರಿಗಳು ಒಂದೇ ಕುಟುಂಬವಾಗಿ ದಡದ ಬೇರುಗಳ ಕೆಳಗಿನ ಬಿಲದಲ್ಲಿ ವಾಸಿಸುತ್ತವೆ. ಒಂದು ಮುಂಜಾನೆ ನಾಲ್ಕು ನೀರುನಾಯಿಗಳು ಮರಳಿನಲ್ಲಿ ಹೊರಳಾಡಿ ಮೈ ಒಣಗಿಸಿಕೊಳ್ಳುವುದನ್ನು ದೂರದಿಂದ ಕಂಡೆ. ಅದು ಮೀನು ತಿನ್ನುವ ಪ್ರಾಣಿ. ಅದರ ಮೇಲೆ ಕರುಣೆಯೇಕೆಂದು ಒಬ್ಬ ಮಿತ್ರರು ಕೇಳಿದರು. ತಿರ್ಯಂಚ ಗತಿಯ ಜೀವ ತನ್ನ ಕರ್ಮೋದಯಕ್ಕೆ ತಕ್ಕ ಆಹಾರವನ್ನು ತಿನ್ನುತ್ತದೆ. ಅದರ ನ್ಯಾಯಾಧೀಶರಾಗಿ ನಮ್ಮನ್ನು ಯಾರೂ ನೇಮಿಸಿಲ್ಲ. ಮೇಲಾಗಿ ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚವು ಸಮ್ಯಕ್ತ್ವವನ್ನು ಪಡೆದು ದೇಶವ್ರತವನ್ನೂ ತಾಳಬಲ್ಲದೆಂದು ನಮ್ಮ ಆಗಮವೇ ಹೇಳುತ್ತದೆ. ನಂದಿಗುಡಿಯಿಂದ ಬಹುದೂರ ಕೆಳಹರಿವಿನಲ್ಲಿ, ಕೊಪ್ಪಳ ಬಳ್ಳಾರಿ ಸೀಮೆಯಲ್ಲಿ, ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಉದ್ದದ ಪಾತ್ರವನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನಮ್ಮ ಭಾಗದ ದಂಡೆಗೆ ಅಂಥ ಕಾವಲಿಲ್ಲ.

ಇನ್ನು ಅತಿಚಾರಗಳ ವಿಷಯ. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತು, ಆಳುಗಳನ್ನು ಉದ್ದೇಶಿಸಿ ಇವುಗಳನ್ನು ವಿವರಿಸುವುದು ರೂಢಿ. ಬಂಧವೆಂದರೆ ಸ್ವೇಚ್ಛೆಯಾಗಿ ಚಲಿಸಬೇಕಾದ ಜೀವವನ್ನು ಕಟ್ಟಿಹಾಕುವುದು ಎಂದಮೇಲೆ ಅಂಗಳದ ಗಿಳಿಯ ಪಂಜರವೂ, ದಿವಾನಖಾನೆಯ ಗಾಜಿನ ತೊಟ್ಟಿಯ ಮೀನೂ ಅದರೊಳಗೆ ಬಂದವು. ಇದನ್ನು ಬೇರೆ ವಾದಿಸಬೇಕಾಗಿಲ್ಲ. ಅನ್ನಪಾನನಿರೋಧದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಬೇಸಿಗೆಯ ಕೊನೆಯ ಮಡುವಿಗೆ ಪಂಪು ಹಚ್ಚಿ ತಳ ಕಾಣುವವರೆಗೆ ಎತ್ತಿದರೆ ಅಲ್ಲಿ ಉಳಿದಿರುವ ಮೀನು, ಆಮೆ, ಏಡಿಗಳಿಗೆ ಪಾನವಷ್ಟೇ ಅಲ್ಲ, ಉಸಿರೇ ನಿಂತಿತು. ಕೆರೆ ಮಡುಗಳನ್ನು ಬತ್ತಿಸುವ ಸರಃಶೋಷವನ್ನು ಸಾಗಾರಧರ್ಮಾಮೃತ ಖರಕರ್ಮಗಳ ಸಾಲಿನಲ್ಲಿ ಎಣಿಸಿದೆ. ಮಲೇಬೆನ್ನೂರು ಸೀಮೆಯ ಭತ್ತದ ಗದ್ದೆಗಳಿಗೆ ಹೊಡೆಯುವ ಕೀಟನಾಶಕ ಮಳೆಯೊಡನೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿಯುತ್ತದೆ. ಮೀನಿಗೆ ಅತ್ಯಂತ ವಿಷವಾದ ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ತಡೆಯಿತು; ಅದರ ಸ್ಥಾನಕ್ಕೆ ಬಂದ ಹಲವು ಔಷಧಿಗಳೂ ಮೀನು, ಏಡಿಗಳಿಗೆ ಮಾರಕವೇ. ನಮ್ಮ ಸಮಾಜದಲ್ಲಿ ಗದ್ದೆಯುಳ್ಳವರೂ ಇದ್ದಾರೆ, ಆ ಔಷಧಿಯನ್ನು ಮಾರುವವರೂ ಇದ್ದಾರೆ. ಹರಿಹರದ ಕೆಳಭಾಗದಲ್ಲಿ 1980ರ ದಶಕದಲ್ಲಿ ಕಾರ್ಖಾನೆಯ ಕೊಳೆನೀರಿನ ಕಾರಣದಿಂದ ಮೀನುಗಳು ಸತ್ತು ತೇಲಿದಾಗ ಜನ ಹೋರಾಟಕ್ಕಿಳಿದುದನ್ನು ಹಿರಿಯರು ಮರೆತಿರಲಾರರು. ಕಾರ್ಖಾನೆಯ ಕೊಳವೆ ಕಣ್ಣಿಗೆ ಕಾಣುತ್ತದೆ, ಗದ್ದೆಯ ಕಾಲುವೆ ಕಾಣುವುದಿಲ್ಲ. ಮರಳಿನ ವಿಷಯವನ್ನು ಬರೆಯಲು ನನಗೆ ಸಂಕೋಚ. ನನ್ನ ಮನೆಯ ಗೋಡೆಗಳಲ್ಲಿ ಇರುವುದೂ ಈ ಹೊಳೆಯ ಮರಳೇ.

ಹಾಗಾದರೆ ಅಭಯದಾನ ಮಾಡಲೇಬಾರದೆ? ಮೃಗಸೇನ ಧೀವರನ ಕಥೆಯನ್ನು ಸ್ಮರಿಸೋಣ. ಸೋಮದೇವಸೂರಿಗಳ ಯಶಸ್ತಿಲಕದಲ್ಲಿ ಬರುವ ಕಥೆಯಿದು. ಅವಂತಿ ದೇಶದ ಆ ಬೆಸ್ತ ಮುನಿಗಳಿಂದ ಪಡೆದ ವ್ರತ ತೀರ ಚಿಕ್ಕದು: ಬಲೆಗೆ ಬಿದ್ದ ಮೊದಲ ಮೀನನ್ನು ಕೊಲ್ಲದೆ ಬಿಡುವುದು. ಮೊದಲ ಮೀನಿಗೆ ಗುರುತಿನ ಬಟ್ಟೆ ಕಟ್ಟಿ ಬಿಟ್ಟ. ಅದೇ ಮೀನು ಐದು ಬಾರಿ ಬಲೆಗೆ ಬಂದಿತು, ಐದು ಬಾರಿಯೂ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದು ಹೆಂಡತಿಯಿಂದ ಹೊರದೂಡಿಸಿಕೊಂಡ. ಮುಂದಿನ ಜನ್ಮದಲ್ಲಿ ಐದು ಬಾರಿ ಮರಣದಿಂದ ಪಾರಾದುದನ್ನು ನಾವು ಬಣ್ಣಿಸುತ್ತೇವೆ. ಆದರೆ ಅವನು ಮೀನನ್ನು ಬಿಟ್ಟದ್ದು ಎಲ್ಲಿ? ಯಾವ ನೀರಿನಿಂದ ಎತ್ತಿದನೋ ಅದೇ ನೀರಿಗೆ, ಎತ್ತಿದ ಕ್ಷಣದಲ್ಲಿಯೇ. ಪೇಟೆಯಿಂದ ಕೊಂಡು ತಂದುದಲ್ಲ. ಕೊಂಡು ಬಿಡುವುದರಲ್ಲಿ ಇನ್ನೂ ಒಂದು ಕೇಡಿದೆ: ನಾವು ಕೊಟ್ಟ ಹಣದಿಂದ ಮಾರುವವನು ಮರುದಿನ ಇನ್ನಷ್ಟು ತರುತ್ತಾನೆ. ರೋಗದ ಭಯ ಬೇರೆ. 1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡ ಮೀನುಗಳ ಹುಣ್ಣುರೋಗ ಮುಂದೆ ದಕ್ಷಿಣಕ್ಕೂ ಹಬ್ಬಿ ಕೊರವ ಮೀನುಗಳನ್ನು ವಿಶೇಷವಾಗಿ ಬಾಧಿಸಿತು. ರೋಗ ತಗುಲಿದ ಮೀನುಗಳನ್ನು ಊರಿಂದೂರಿಗೆ ಒಯ್ಯುವುದೂ ಅದು ಹರಡುವ ದಾರಿಗಳಲ್ಲೊಂದು. ಇದೇ ನೀರಿನ ಮೇಲ್ಹರಿವಿನಲ್ಲಿ, ತುಂಗೆಯ ದಂಡೆಯ ಶೃಂಗೇರಿಯಲ್ಲಿ, ಮೀನುಗಳು ನಿರ್ಭಯವಾಗಿರುವುದು ಯಾರೂ ತಂದು ಬಿಟ್ಟುದರಿಂದಲ್ಲ. ಅಲ್ಲಿ ಯಾರೂ ಹಿಡಿಯದಿರುವುದರಿಂದ.

ಕೊನೆಗೆ, ಪತ್ರ ಬರೆದು ಕೇಳುವವರಿಗಾಗಿ ಜೀವಾಣಿಯ ವಿಷಯವನ್ನು ಬಿಡಿಸಿ ಹೇಳುತ್ತೇನೆ. ತೆರೆದ ಬಾವಿಯಿರುವ ಮನೆಯವರು ಕೊಂಡಿಯ ಕೊಡವನ್ನು ಮತ್ತೆ ಮಾಡಿಸಿಕೊಳ್ಳಬಹುದು. ತಾಮ್ರದ ಕೊಡಕ್ಕೆ ಕೊಂಡಿ ಬೆಸೆಯುವುದು ದೊಡ್ಡ ಕೆಲಸವಲ್ಲ. ಹೊಳೆಯಿಂದ ನೀರು ತರುವವರು ದಂಡೆಯಲ್ಲಿಯೇ ಗಾಳಿಸಿ ಅಲ್ಲಿಯೇ ಮರಳಿಸಬೇಕು. ಮನೆಗೆ ತಂದು ಗಾಳಿಸಿ ಮೋರಿಗೆ ಚೆಲ್ಲಬಾರದು. ನಗರದ ನಲ್ಲಿಯಲ್ಲಿ ಬರುವುದು ಕ್ಲೋರಿನ್ ಬೆರೆಸಿದ ನೀರು. ಹೊಳೆಯ ಯಾವ ಜೀವವನ್ನೂ ಅದಕ್ಕೆ ಸೇರಿಸಬಾರದು, ಆ ನೀರಿನ ತೊಟ್ಟಿಯಲ್ಲಿ ಹುಟ್ಟಿದುದನ್ನು ಹೊಳೆಗೂ ಒಯ್ಯಬಾರದು. ತೊಟ್ಟಿಯನ್ನು ಮುಚ್ಚಿಟ್ಟು, ಒಳಗೆ ಜೀವೋತ್ಪತ್ತಿಯೇ ಆಗದಂತೆ ನೋಡಿಕೊಳ್ಳುವುದು ಲೇಸು.

ತಾಯಿಯವರು ಈಗ ಅನಂತ ಚತುರ್ದಶಿಗೆ ಮೀನು ಬಿಡುವುದಿಲ್ಲ. ನಮ್ಮ ಹೊಲದ ಬದಿಯ ಹಳ್ಳದಲ್ಲಿ ಒಂದು ಹೊಂಡವಿದೆ. ಮೊದಲು ಚೈತ್ರ ಕಳೆಯುವಷ್ಟರಲ್ಲಿ ಪಂಪಿನಿಂದ ಅದನ್ನು ಬರಿದು ಮಾಡುತ್ತಿದ್ದೆವು. ಈಗ ಎದೆಮಟ್ಟದ ನೀರು ಉಳಿದಾಗ ಪಂಪು ನಿಲ್ಲಿಸುತ್ತೇವೆ. ಆ ಮಟ್ಟಕ್ಕೆ ಕಲ್ಲಿನ ಮೇಲೆ ತಾಯಿಯವರೇ ಸುಣ್ಣದ ಗೆರೆ ಎಳೆಸಿದ್ದಾರೆ. ಕಳೆದ ಬೇಸಿಗೆಯಲ್ಲಿ ಎರಡು ಮಡಿ ಸೊಪ್ಪು ಒಣಗಿತು. ಹೊಂಡದ ಅಂಚಿನ ಕೆಸರಿನಲ್ಲಿ ಆಮೆಯ ಹೆಜ್ಜೆ ಇತ್ತು.